ಕಪ್ಪೆಗೂ ಕೊಳೆ ರೋಗವೇ?

ಪ್ರಶ್ನೆ: ಈ ಮಳೆಗಾಲದಲ್ಲಿ ತೋಟದ ಬಸಿಗಾಲುವೆಯಲ್ಲಿ ಎರಡು-ಮೂರು ಕಪ್ಪೆ ಸತ್ತು ಬಿದ್ದಿದ್ದವು. ಕಪ್ಪೆಗೂ ಶಿಲೀಂಧ್ರ ರೋಗ ಬರುತ್ತದಂತೆ. ಅಡಿಕೆಯ ಕೊಳೆಯಂಥದ್ದೇ? ಬೋರ್ಡೋ ಹೊಡೆದರೆ ಹೋದೀತೇ?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ಬೋರ್ಡೋ ಖಂಡಿತ ಬೇಡ. ಆ ಮೈಲುತುತ್ತ-ಸುಣ್ಣದ ದ್ರಾವಣದಲ್ಲಿರುವ ತಾಮ್ರ ಗೊದಮೊಟ್ಟೆಗೆ ವಿಷ. ರೋಗಕ್ಕಿಂತ ಮೊದಲು ಮದ್ದೇ ಕೊಂದೀತು. ಡ್ರಮ್ಮು ತೊಳೆದ ನೀರನ್ನೂ ಕಾಲುವೆಗೆ ಬಿಡಬೇಡಿ.

ಹೋಲಿಕೆ ಅರ್ಧ ಸರಿ. ಅಡಿಕೆಗೆ ಕೊಳೆ ತರುವ ಫೈಟಾಫ್ಥೊರಾದಂತೆ ಕಪ್ಪೆಯ ರೋಗಾಣುವಿನ ಬೀಜಕಣಕ್ಕೂ ಬಾಲವಿದೆ, ನೀರಿನಲ್ಲಿ ಈಜುತ್ತದೆ. ನೆಂಟಸ್ತಿಕೆ ಅಲ್ಲಿಗೆ ಮುಗಿಯಿತು. ಫೈಟಾಫ್ಥೊರಾಕ್ಕೆ ಎರಡು ಬಾಲ, ಸೆಲ್ಯುಲೋಸಿನ ಗೋಡೆ. ಅದು ನಿಜವಾದ ಶಿಲೀಂಧ್ರವೇ ಅಲ್ಲ. ಕಪ್ಪೆಯ ರೋಗಾಣು ಬ್ಯಾಟ್ರಕೊಕೈಟ್ರಿಯಮ್ ಡೆಂಡ್ರೊಬಟೈಡಿಸ್, ಚುಟುಕಾಗಿ ಬಿ.ಡಿ., ಒಂದೇ ಬಾಲದ, ಕೈಟಿನ್ ಗೋಡೆಯ ಅಪ್ಪಟ ಶಿಲೀಂಧ್ರ. ಅದಕ್ಕೆ ಹೆಸರಿಟ್ಟದ್ದು 1999ರಲ್ಲಿ. 3ರಿಂದ 5 ಮೈಕ್ರಾನಿನ ಕಣ ಚರ್ಮದ ಕೆರಾಟಿನ್ (ನಮ್ಮ ಉಗುರು, ಕೂದಲಲ್ಲಿರುವಂಥ ಗಟ್ಟಿ ಪ್ರೋಟೀನು) ಪದರ ಹೊಕ್ಕು, ಅಲ್ಲೇ ಗಡಿಗೆಯಂತೆ ಉಬ್ಬಿ, ಸಣ್ಣ ಕೊಳವೆಯ ಬಾಯಿಂದ ಹೊಸ ಕಣಗಳನ್ನು ಹೊರಬಿಡುತ್ತದೆ. ಕಪ್ಪೆ ನೀರು, ಲವಣ ಎರಡನ್ನೂ ಹೀರುವುದು ಚರ್ಮದಿಂದ. ಅದು ಕೆಟ್ಟರೆ ರಕ್ತದ ಸೋಡಿಯಂ, ಪೊಟ್ಯಾಸಿಯಂ ಇಳಿದು ಹೃದಯ ನಿಲ್ಲುತ್ತದೆ. ಗೊದಮೊಟ್ಟೆಗೆ ಕೆರಾಟಿನ್ ಇರುವುದು ಬಾಯಿಯಲ್ಲಿ ಮಾತ್ರ. ಹಾಗಾಗಿ ಸೋಂಕು ಹೊತ್ತೂ ಬದುಕುತ್ತದೆ. ಕಪ್ಪೆಯಾಗಿ ಮೈಯೆಲ್ಲ ಕೆರಾಟಿನ್ ಬಂದ ಮೇಲೆ ಸಾಯುತ್ತದೆ.

ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಬಿ.ಡಿ. ಇರುವುದು 2011ರಲ್ಲೇ ವರದಿಯಾಗಿದೆ. ಆದರೆ ಆಸ್ಟ್ರೇಲಿಯಾ, ಮಧ್ಯ ಅಮೆರಿಕದಲ್ಲಾದಂಥ ಸಾಮೂಹಿಕ ಸಾವು ಇಲ್ಲಿ ಕಂಡುಬಂದಿಲ್ಲ. ಎರಡು-ಮೂರು ಕಪ್ಪೆ ಸತ್ತರೆ ಮೊದಲು ಅನುಮಾನಿಸಬೇಕಾದ್ದು ಸಿಂಪಡಣೆಯನ್ನು. ಬದುಕಿರುವ ಕಪ್ಪೆ ಹಗಲಲ್ಲೇ ಕಾಲು ಚಾಚಿ ಮಂಕಾಗಿ ಕೂತಿದ್ದರೆ, ಮಗುಚಿ ಬಿದ್ದದ್ದು ಏಳಲಾಗದಿದ್ದರೆ, ಚರ್ಮ ವಿಪರೀತ ಸುಲಿಯುತ್ತಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಕಣ್ಣಳತೆಯಲ್ಲಿ ರೋಗ ನಿರ್ಧಾರವಾಗದು. ಹತ್ತಿಕಡ್ಡಿಯಿಂದ ಹೊಟ್ಟೆ, ತೊಡೆ, ಕಾಲಿನ ಜಾಲಪೊರೆ ಉಜ್ಜಿ, ರೋಗಾಣುವಿನ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಬೇಕು. ಸತ್ತ ಕಪ್ಪೆ ಕೊಳೆತರೆ ಡಿಎನ್‌ಎ ಹಾಳು. ಫಾರ್ಮಲಿನ್‌ಗೆ ಹಾಕಿದರೂ ಕಷ್ಟ. ಮಾದರಿಗೆ 70% ಎಥನಾಲೇ ಸರಿ.

ಪ್ರಶ್ನೆ: ರೋಗಾಣು ಒಂದೇ ಆದರೆ ಅಲ್ಲಿ ಕಪ್ಪೆ ನಿರ್ನಾಮ, ಇಲ್ಲಿ ಏನೂ ಇಲ್ಲ. ಏಕೆ?
— ಜೀವಶಾಸ್ತ್ರ ಶಿಕ್ಷಕರು, ಕಾರವಾರ

ಉತ್ತರ: ಹೆಸರು ಒಂದೇ, ವಂಶ ಹಲವು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಿ.ಡಿ.ಯ 234 ಮಾದರಿಗಳ ಜೀನೋಮ್ (ಪೂರ್ತಿ ಡಿಎನ್‌ಎ) ಹೋಲಿಸಿ ನೋಡಿತು. ಅತಿ ಹೆಚ್ಚು ವೈವಿಧ್ಯ ಕಂಡದ್ದು ಕೊರಿಯಾದಲ್ಲಿ, ಮೂಲವೂ ಪೂರ್ವ ಏಷ್ಯಾ ಎಂದು ಅದರ ತೀರ್ಮಾನ. ಹಾವಳಿ ಎಬ್ಬಿಸಿದ ಜಾಗತಿಕ ವಂಶ ಹರಡಿದ್ದು ಕಳೆದ ಶತಮಾನದಲ್ಲಿ, ಕಪ್ಪೆ ವ್ಯಾಪಾರದ ಬೆನ್ನೇರಿ. ಅದು ಬಹುಪಾಲು ತದ್ರೂಪಿಯಾಗಿಯೇ ವೃದ್ಧಿಸುತ್ತದೆ, ಆದರೆ ಎರಡು ವಂಶ ಒಂದೇ ನೀರಿಗೆ ಬಿದ್ದರೆ ಮಿಶ್ರತಳಿಯೂ ಹುಟ್ಟುತ್ತದೆ; ಬ್ರೆಜಿಲ್‌ನಲ್ಲಿ ಸಿಕ್ಕಿದೆ. ‘ನಮ್ಮಲ್ಲಿ ಮೊದಲೇ ಇದೆಯಲ್ಲ, ಇನ್ನೇನು ಭಯ’ ಎನ್ನುವ ವಾದ ನಿಲ್ಲದಿರುವುದು ಇದಕ್ಕೇ. ಹೊರಗಿನ ವಂಶ ಬಂದರೆ ಲೆಕ್ಕ ಬದಲು.

ಇನ್ನೊಂದು, ತಾಪಮಾನ. 17ರಿಂದ 25 ಡಿಗ್ರಿ ಅದಕ್ಕೆ ಹಿತ, 28 ದಾಟಿದರೆ ಬೆಳವಣಿಗೆ ಕುಂಠಿತ. ಕಾರವಾರದ ಬಿಸಿಲು ಕಾದ ಗದ್ದೆನೀರಿಗಿಂತ ಘಟ್ಟದ ನೆರಳಿನ ಹಳ್ಳವೇ ಅದಕ್ಕೆ ಹೆಚ್ಚು ಒಗ್ಗುತ್ತದೆ.

ಪ್ರಶ್ನೆ: ಕುಂಬಾರ ಕಪ್ಪೆ ನೋಡಲು ಹೋಗುವವರ ಗುಂಪು ಕಟ್ಟಿದ್ದೇವೆ. ಏನು ಎಚ್ಚರ ಬೇಕು?
— ಸಿದ್ದಾಪುರ

ಉತ್ತರ: 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಈ ಕಪ್ಪೆಯ ಗಂಡು, ಹಿಂಗಾಲ ಮೇಲೆ ನಿಂತು ಕೈಯಾರೆ ಕೆಸರೆತ್ತಿ ಮೊಟ್ಟೆಗೆ ಮೆತ್ತುತ್ತದೆ. ನಿಮ್ಮ ಬೂಟು ತುಳಿಯುವ ಕೆಸರೂ ಅದೇ; ಬೂಟಿಗಂಟಿ ಬಿ.ಡಿ. ಹಳ್ಳದಿಂದ ಹಳ್ಳಕ್ಕೆ ಸಾಗೀತು. ಮುಟ್ಟಬೇಡಿ, ಒಂದು ಹಳ್ಳದ ಗೊದಮೊಟ್ಟೆ ಇನ್ನೊಂದಕ್ಕೆ ಒಯ್ಯಬೇಡಿ.

ಬೇರೆ ಹಳ್ಳಕ್ಕೆ ಹೋಗುವ ಮುನ್ನ ಬೂಟಿನ ಕೆಸರನ್ನು ಬ್ರಶ್ಶಿನಿಂದ ಪೂರ್ತಿ ತೆಗೆಯಿರಿ. ಮಣ್ಣಿದ್ದರೆ ಕ್ಲೋರಿನ್ ಅದರಲ್ಲೇ ಖರ್ಚಾಗಿ ಬ್ಲೀಚ್ ನಿಷ್ಪ್ರಯೋಜಕ. ಆಮೇಲೆ 1% ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬಾಟಲಿಯಲ್ಲಿ 5% ಎಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಒಂದೆರಡು ನಿಮಿಷ ನೆನೆಸಿ. ಆ ದಿನವೇ ಬೆರೆಸಿಕೊಳ್ಳಿ, ಬಿಸಿಲಲ್ಲಿ ಇಟ್ಟರೆ ಶಕ್ತಿ ಇಳಿಯುತ್ತದೆ. ಪೂರ್ತಿ ಒಣಗಿದರೂ ಶಿಲೀಂಧ್ರ ಸಾಯುತ್ತದೆ. ಆದರೆ ಜುಲೈಯಲ್ಲಿ ಸಿದ್ದಾಪುರದಲ್ಲಿ ಬೂಟು ಒಣಗುವುದುಂಟೇ? ಕೊನೆಗೆ ಶುದ್ಧ ನೀರಿನಲ್ಲಿ ತೊಳೆದು, ಆ ನೀರನ್ನು ಹಳ್ಳದಿಂದ ದೂರದ ಒಣ ಜಾಗಕ್ಕೆ ಚೆಲ್ಲಿ.