ಮುಖದ ನರ ಸ್ಕ್ಯಾನ್‌ನಲ್ಲಿ ಕಾಣುತ್ತಾ?

ಪ್ರಶ್ನೆ: ಅಮ್ಮನಿಗೆ 56 ವರ್ಷ. ಎಡಗಿವಿಯ ಕೆಳಗಿನ ಗಂಟು ಜೊಲ್ಲುಗ್ರಂಥಿಯ ಕ್ಯಾನ್ಸರ್, ಅಡಿನಾಯ್ಡ್ ಸಿಸ್ಟಿಕ್ ಎಂದು ಸೂಜಿ ಪರೀಕ್ಷೆಯಲ್ಲಿ ಬಂದಿದೆ. ಸಿ.ಟಿ. ಆಗಿದೆ. ಈಗ ನರ ನೋಡಲು ಎಂ.ಆರ್.ಐ. ಬೇಕಂತೆ. ಸುಮ್ನೆ ಖರ್ಚು ಅಲ್ವಾ? ಆಪರೇಷನ್ ಆದರೆ ಬಾಯಿ ಸೊಟ್ಟಗಾಗುತ್ತಾ?
– ಮಗಳು, ದಾವಣಗೆರೆ

ಉತ್ತರ: ಸುಮ್ನೆ ಖರ್ಚಲ್ಲಮ್ಮ, ಖಂಡಿತ ಮಾಡಿಸಿ. ಕಣ್ಣು ಮುಚ್ಚಿಸುವ, ನಗಿಸುವ ನರ ಕಿವಿಯ ಕೆಳಗೆ ತಲೆಬುರುಡೆಯಿಂದ ಹೊರಬಂದು ಪೆರೋಟಿಡ್ ಎಂಬ ಜೊಲ್ಲುಗ್ರಂಥಿಯ ಒಳಗೇ ಕವಲೊಡೆಯುತ್ತದೆ. ಸಿ.ಟಿ.ಯಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಪಕ್ಕದ ರಕ್ತನಾಳ ನೋಡಿ ಅಂದಾಜು ಮಾಡಬೇಕಷ್ಟೆ. 3 ಟೆಸ್ಲಾ, ಅಂದರೆ ಹೆಚ್ಚು ಬಲದ ಅಯಸ್ಕಾಂತದ ಎಂ.ಆರ್.ಐ.ಯಲ್ಲಿ ನರಕ್ಕೆಂದೇ ತೆಳು ಪದರದ ಚಿತ್ರ ತೆಗೆದರೆ, ಮುಖ್ಯ ಕಾಂಡ ಮತ್ತು ಮೊದಲ ಕವಲುಗಳು ಹೆಚ್ಚಾಗಿ ಸಿಗುತ್ತವೆ. ತುದಿಯ ಸಣ್ಣ ಎಳೆಗಳು ಕಷ್ಟ.

ಅಮ್ಮನಿಗಿರುವ ಬಗೆಯ ಕ್ಯಾನ್ಸರ್ ನರದ ಗುಂಟ ಬುರುಡೆಯ ಕಡೆಗೆ ಹಬ್ಬುವ ಸ್ವಭಾವದ್ದು. ಹಾಗಾಗಿ ಹಬ್ಬಿದ್ದು ಎದ್ದು ಕಾಣಲೆಂದು ಕಾಂಟ್ರಾಸ್ಟ್ ಔಷಧ ಕೊಟ್ಟು ತೆಗೆದ ಚಿತ್ರವೂ ಬೇಕು. ಸರ್ಜನ್ ಆಗಿ ನಾನಂತೂ ಕತ್ತಿ ಹಿಡಿಯುವ ಮುಂಚೆ ರೇಡಿಯಾಲಜಿಸ್ಟ್ ಪಕ್ಕ ಕೂತು ಅದನ್ನು ನೋಡಲೇಬೇಕು.

ಮುಖ ಈಗ ಚೆನ್ನಾಗಿ ಆಡುತ್ತಿದ್ದು, ಗಂಟು ನರವನ್ನು ಸುತ್ತಿಕೊಂಡಿರದಿದ್ದರೆ ನರ ಉಳಿಸಲು ನೋಡುತ್ತಾರೆ. ಉಳಿದರೂ ಕೆಲವು ವಾರ, ತಿಂಗಳು ಬಾಯಿ ಸ್ವಲ್ಪ ವಾಲಬಹುದು. ಕತ್ತರಿಸಲೇಬೇಕಾದರೆ ಕಾಲಿನ ಅಥವಾ ಕತ್ತಿನ ನರ ಜೋಡಿಸುವ ದಾರಿ ಇದೆ. ಅದನ್ನು ಮೊದಲೇ ಕೇಳಿ. ಎಡಗಣ್ಣು ಪೂರ್ತಿ ಮುಚ್ಚುತ್ತಿಲ್ಲ ಅನಿಸಿದರೆ ಇವತ್ತೇ ಡಾಕ್ಟರಿಗೆ ತಿಳಿಸಿ.