ಓದುಗರ ಪ್ರಶ್ನೆ: ನಡುವಿನ ಎಂಕ್ಯೂ ದಾಟದ ಮೆಸೇಜ್

ಪ್ರಶ್ನೆ: ಮುಧೋಳ ಕಡೆಯ ಸಕ್ಕರೆ ಕಾರ್ಖಾನೆ ನಮ್ಮದು. ಕಬ್ಬಿನ ತೂಕದ ಚೀಟಿಯ ವಿವರ ಬೆಳಗಾವಿ ಕಚೇರಿಯ ಬಿಲ್ಲಿಂಗ್‌ಗೆ ಹೋಗಬೇಕು. ಎರಡೂ ಕಡೆ ವೆಬ್‌ಸ್ಫಿಯರ್ ಬಸ್ (ವೆಬ್‌ಸ್ಫಿಯರ್ ಸರ್ವರ್‌ನೊಳಗಿನ ಮೆಸೇಜ್ ಜಾಲ), ನಡುವೆ ಐಬಿಎಂ ಎಂಕ್ಯೂ (ಮೆಸೇಜ್‌ಗಳನ್ನು ಸಾಲಿನಲ್ಲಿಟ್ಟು ದಾಟಿಸುವ ತಂತ್ರಾಂಶ). ಇವುಗಳನ್ನು ಜೋಡಿಸುವ ಚಾನೆಲ್‌ಗಳೆಲ್ಲ ರನ್ನಿಂಗ್ ಅಂತ ತೋರಿಸುತ್ತವೆ, ಮೆಸೇಜ್ ಮಾತ್ರ ಬೆಳಗಾವಿ ಮುಟ್ಟುತ್ತಿಲ್ಲ.
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಚಾನೆಲ್ ಓಡುತ್ತಿದೆ ಅಂದರೆ ಅದರ ಎರಡು ತುದಿಗಳು ಮಾತಾಡುತ್ತಿವೆ, ಅಷ್ಟೇ. ಬಂದದ್ದನ್ನು ಮುಂದೆ ಎತ್ತ ದೂಡಬೇಕೆಂದು ನಡುವಿನ ಕ್ಯೂ ಮ್ಯಾನೇಜರ್‌ಗೆ, ಅಂದರೆ ಕ್ಯೂಗಳನ್ನು (ಮೆಸೇಜ್ ಸಾಲುಗಳನ್ನು) ನಡೆಸುವ ಎಂಕ್ಯೂ ಸರ್ವರ್‌ಗೆ, ಗೊತ್ತಿರಬೇಕಲ್ಲ! ಅದರ ಡೆಡ್ ಲೆಟರ್ ಕ್ಯೂ (ತಲುಪಿಸಲಾಗದ ಮೆಸೇಜ್ ಬೀಳುವ ಕ್ಯೂ) ತೆರೆದು, ಮೆಸೇಜಿನ ಹೆಡರ್‌ನಲ್ಲಿರುವ ಕಾರಣ ಸಂಖ್ಯೆ ನೋಡಿ. 2053 ಇದ್ದರೆ ಕ್ಯೂ ತುಂಬಿದೆ. 2030 ಇದ್ದರೆ ಮೆಸೇಜ್ ಕ್ಯೂನ ಮಿತಿಗಿಂತ ದೊಡ್ಡದು. ತಾನಾಗಿ ಇರುವ ಮಿತಿ 4 ಎಂಬಿ. ನಿಮ್ಮಲ್ಲಿ 2087 ಇರುವ ಸಾಧ್ಯತೆಯೇ ಹೆಚ್ಚು: ಬೆಳಗಾವಿ ಬಸ್‌ನ ಹೆಸರು ನಡುವಿನ ಕ್ಯೂ ಮ್ಯಾನೇಜರ್‌ಗೆ ಪರಿಚಯವಿಲ್ಲ.

ಮುಧೋಳದ ಬಸ್‌ನಲ್ಲಿ ಎರಡು ಫಾರಿನ್ ಬಸ್ (ಹೊರಗಿನ ಜಾಲದ ನಮೂದು) ಬೇಕು. ಒಂದು ನೇರವಾದದ್ದು, ನಡುವಿನ ಕ್ಯೂ ಮ್ಯಾನೇಜರ್ ಹೆಸರಿನದು. ಇನ್ನೊಂದು ಬೆಳಗಾವಿಯದು, ಅದಕ್ಕೆ ಮೊದಲನೆಯದನ್ನೇ ಮುಂದಿನ ನೆಗೆತವಾಗಿ ತೋರಿಸಬೇಕು. ಈ ಎರಡನೆಯ ಹೆಸರು, ಬೆಳಗಾವಿಯ ಎಂಕ್ಯೂ ಲಿಂಕ್‌ನಲ್ಲಿ (ಬಸ್ಸನ್ನು ಎಂಕ್ಯೂಗೆ ಜೋಡಿಸುವ ಕೊಂಡಿ) ಕೊಟ್ಟ ಕ್ಯೂ ಮ್ಯಾನೇಜರ್ ಹೆಸರಿಗೆ ಅಕ್ಷರಶಃ ಒಂದೇ ಇರಲಿ. ನಡುವಿನ ಕ್ಯೂ ಮ್ಯಾನೇಜರ್‌ನಲ್ಲಿ ಅದೇ ಹೆಸರಿನ ಟ್ರಾನ್ಸ್‌ಮಿಷನ್ ಕ್ಯೂ (ಆಚೆ ಹೋಗುವ ಮೆಸೇಜ್ ಕಾಯುವ ಕ್ಯೂ), ಅದಕ್ಕೊಂದು ಸೆಂಡರ್ ಚಾನೆಲ್ (ಕಳಿಸುವ ತುದಿ) ಬೇಕು. ಆ ಚಾನೆಲ್‌ಗೆ ರೂಢಿಯಂತೆ 1414 ಪೋರ್ಟ್ ಕೊಡುವವರು ಬಹಳ. ಆದರೆ ಎಂಕ್ಯೂಗೆಂದು ವೆಬ್‌ಸ್ಫಿಯರ್ ಕಾಯುವ ಪೋರ್ಟ್ ಸಾಮಾನ್ಯವಾಗಿ 5558. ಒಂದೇ ಯಂತ್ರದಲ್ಲಿ ಎರಡು ಸರ್ವರ್ ಇದ್ದರೆ ಅದೂ ಬದಲಾಗಿರುತ್ತದೆ. ಆಚೆ ತುದಿಯ ರಿಸೀವರ್ ಚಾನೆಲ್‌ಗೂ ಸೆಂಡರ್ ಚಾನೆಲ್‌ನ ಹೆಸರೇ ಇರಬೇಕು, ಆ ಹೆಸರು 20 ಅಕ್ಷರ ಮೀರುವಂತಿಲ್ಲ.

ಕಣ್ಣಿಗೆ ಬೀಳದ ತಪ್ಪೊಂದಿದೆ. ಎಂಕ್ಯೂ ಆಜ್ಞೆಯಲ್ಲಿ ಇಂಗ್ಲಿಷ್ ಸಣ್ಣಕ್ಷರದ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯದಿದ್ದರೆ ಅದು ದೊಡ್ಡಕ್ಷರವಾಗಿಬಿಡುತ್ತದೆ. ಬಸ್‌ನಲ್ಲಿ ಸಣ್ಣಕ್ಷರ ಹಾಗೇ ಉಳಿದಿರುತ್ತದೆ. ನೋಡಲು ಎರಡೂ ಸರಿ, ಆದರೆ ಹೆಸರು ಕೂಡುವುದಿಲ್ಲ. ಉತ್ತರ ವಾಪಸ್ ಬರಬೇಕಿದ್ದರೆ ಮುಧೋಳದ ಹೆಸರಲ್ಲೂ ಇಷ್ಟನ್ನೆಲ್ಲ ಮಾಡಿ.

ಪ್ರಶ್ನೆ: ರಾತ್ರಿ ನೆಟ್‌ವರ್ಕ್ ಲೈನ್ ಹೋಗಿ ಬಂದ ಮೇಲೂ ಚಾನೆಲ್ ಬಹಳ ಹೊತ್ತು ಎದ್ದೇಳುವುದಿಲ್ಲ. ಕೆಲವು ಮೆಸೇಜ್ ಕಾಣೆಯಾಗುತ್ತವೆ.
– ಓದುಗರು, ವಿಜಯಪುರ

ಉತ್ತರ: ಸೆಂಡರ್ ಚಾನೆಲ್ ಮೊದಲು 60 ಸೆಕೆಂಡಿಗೊಮ್ಮೆ 10 ಸಲ ಪ್ರಯತ್ನಿಸುತ್ತದೆ. ಆಮೇಲೆ 1200 ಸೆಕೆಂಡಿಗೊಮ್ಮೆ, ಅಂದರೆ 20 ನಿಮಿಷ. ಲೈನ್ ಬಂದದ್ದು ಖಚಿತವಾದರೆ ನಿಲ್ಲಿಸಿ ಕೈಯಿಂದಲೇ ಶುರು ಮಾಡಿ. ಪದೇ ಪದೇ ಹೀಗಾದರೆ 1200ನ್ನು 300ಕ್ಕೆ ಇಳಿಸಿ.

ಕಾಣೆಯಾಗುವುದು ಬೇರೆ ಕತೆ. ಬಸ್‌ನ ಐದು ಭರವಸೆ ಮಟ್ಟಗಳಲ್ಲಿ ಕೊನೆಯ ಎರಡು ಮಾತ್ರ ಎಂಕ್ಯೂನಲ್ಲಿ ಪರ್ಸಿಸ್ಟೆಂಟ್ (ಡಿಸ್ಕ್‌ನಲ್ಲಿ ಉಳಿಸಿಡುವಂಥವು) ಆಗುತ್ತವೆ. ಉಳಿದ ಮೂರು ವೇಗವಾಗಿ ಹೋಗುತ್ತವೆ, ಲೈನ್ ಕಡಿದಾಗ ದಾರಿಯಲ್ಲೇ ಹೋಗಿಬಿಡಬಹುದು. ಹಣದ ಲೆಕ್ಕವಿದ್ದಲ್ಲಿ ಕೊನೆಯ ಮಟ್ಟವಾದ ಅಶ್ಯೂರ್ಡ್ ಪರ್ಸಿಸ್ಟೆಂಟ್ ಬಿಟ್ಟು ಬೇರೆ ಬೇಡ. ಟ್ರಾನ್ಸ್‌ಮಿಷನ್ ಕ್ಯೂನ ಮಿತಿ ಮೊದಲಿಗೆ 5000 ಮೆಸೇಜ್ ಇರುತ್ತದೆ. ನುರಿಸುವ ಹಂಗಾಮಿಗೆ ಮುಂಚೆಯೇ ಏರಿಸಿ. ಡೆಡ್ ಲೆಟರ್ ಕ್ಯೂ ಇಡದಿದ್ದರೆ ತಲುಪಿಸಲಾಗದ ಒಂದೇ ಪರ್ಸಿಸ್ಟೆಂಟ್ ಮೆಸೇಜಿಗೆ ಇಡೀ ಚಾನೆಲ್ ನಿಲ್ಲುತ್ತದೆ.