ಗಣಿತ ಓದಿದವರಿಗೆ ಶಿಕ್ಷಣದಲ್ಲೋ ಇತಿಹಾಸದಲ್ಲೋ ಸಂಶೋಧನೆ ಸುಲಭವಾಗುತ್ತದೆಯೇ?

ಗಣಿತದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೀರಿ, ಶುದ್ಧ ಗಣಿತದ ಪಿಎಚ್.ಡಿ. ಕಷ್ಟವೆನ್ನಿಸಿದೆ, ಶಿಕ್ಷಣವೋ ಗಣಿತದ ಇತಿಹಾಸವೋ ಸುಲಭವಾದೀತೇ ಎಂದು ಕೇಳಿದ್ದೀರಿ. ಪರಿಚಯದ ಶಿಕ್ಷಕರೊಬ್ಬರ ತರಗತಿಯ ಎರಡು ವಿಭಾಗಗಳಲ್ಲಿ ಎರಡು ಬೋಧನಾ ವಿಧಾನಗಳನ್ನು ಹೋಲಿಸುವ ಪ್ರಯೋಗವನ್ನು ಮುಂದಿನ ತಿಂಗಳೇ ಆರಂಭಿಸುವುದಾಗಿಯೂ ಹೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ನಾನು ಹೆಚ್ಚುಕಡಿಮೆ ಇದೇ ಮಾತುಗಳನ್ನು ನನ್ನ ಮಾರ್ಗದರ್ಶಕರ ಎದುರು ಆಡಿದ್ದೆ.

ನನ್ನ ವಿಷಯ ಭಿನ್ನರಾಶಿ. ವೃತ್ತವನ್ನು ತುಂಡು ಮಾಡಿ ತೋರಿಸುವುದಕ್ಕಿಂತ ಸಂಖ್ಯಾರೇಖೆಯ ಮೇಲಿನ ಬಿಂದುವಾಗಿ ಕಲಿಸಿದರೆ ಮಕ್ಕಳಿಗೆ ಭಿನ್ನರಾಶಿ ಹೆಚ್ಚು ಚೆನ್ನಾಗಿ ತಿಳಿಯುತ್ತದೆಯೇ ಎಂಬುದು ನಾನು ಕೈಗೆತ್ತಿಕೊಂಡ ಪ್ರಶ್ನೆ. 8 ತರಗತಿಗಳು, ಒಂದೊಂದರಲ್ಲಿ 40 ಮಕ್ಕಳು, ಒಟ್ಟು 320. ನಾಲ್ಕು ತರಗತಿಗಳಲ್ಲಿ ಹೊಸ ವಿಧಾನ, ನಾಲ್ಕರಲ್ಲಿ ಹಳೆಯದು. ವರ್ಷದ ಕೊನೆಯಲ್ಲಿ ನಡೆಸಿದ 50 ಅಂಕಗಳ ಪರೀಕ್ಷೆಯಲ್ಲಿ ಹೊಸ ವಿಧಾನದ ಮಕ್ಕಳ ಸರಾಸರಿ 5.2 ಅಂಕಗಳಷ್ಟು ಹೆಚ್ಚಿತ್ತು; ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯ ಸುತ್ತ ಚದುರಿರುವ ಅಳತೆ, ಸುಮಾರು 12. ಎರಡೂ ಕಡೆಯ ತಲಾ 160 ಮಕ್ಕಳನ್ನು ಹೋಲಿಸಿ ಲೆಕ್ಕ ಹಾಕಿದಾಗ ಟಿ ಮೌಲ್ಯ, ಅಂದರೆ ಸಿಕ್ಕ ಅಂತರ ಆಕಸ್ಮಿಕ ಏರಿಳಿತದ ಎಷ್ಟು ಪಟ್ಟು ಎಂಬ ಅಳತೆ, 3.9 ಬಂತು. ಬರಿಯ ಆಕಸ್ಮಿಕದಿಂದ ಇಷ್ಟು ಅಂತರ ಬರುವ ಸಂಭವ ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ ಎಂದು ನಾನು ಬಹಳ ಖಚಿತವಾಗಿ ಬರೆದೆ. ಮಹಾಪ್ರಬಂಧವನ್ನು ಓದಿದ ಪರೀಕ್ಷಕರೊಬ್ಬರು ಅದನ್ನು ಹಿಂದಿರುಗಿಸುವಾಗ ಹೇಳಿದ್ದು ಇಷ್ಟೇ: ನಿಮ್ಮ ಮಾದರಿಯ ಗಾತ್ರ 320 ಅಲ್ಲ, 8.

ಈ ಒಂದು ಮಾತನ್ನು ಪೂರ್ತಿ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಮಾಡಹೊರಟಿರುವುದೂ ಇದೇ ತಪ್ಪು. ನಾನು ಬಳಸಿದ ಸೂತ್ರಕ್ಕೆ ಒಂದು ಷರತ್ತಿದೆ: ಪ್ರತಿಯೊಂದು ಅವಲೋಕನವೂ ಉಳಿದವುಗಳಿಂದ ಸ್ವತಂತ್ರವಾಗಿರಬೇಕು. ಒಂದೇ ತರಗತಿಯ 40 ಮಕ್ಕಳು ಹಾಗಿರುವುದಿಲ್ಲ. ಅವರಿಗೆ ಪಾಠ ಹೇಳುವವರು ಒಬ್ಬರೇ. ಶಿಕ್ಷಕರು ಒಂದು ವಾರ ರಜೆ ಹಾಕಿದರೆ ನಲವತ್ತೂ ಮಕ್ಕಳಿಗೆ ಆ ಪಾಠ ತಪ್ಪುತ್ತದೆ. ಒಬ್ಬ ಹುಡುಗಿ ಕೇಳಿದ ಒಳ್ಳೆಯ ಪ್ರಶ್ನೆಯಿಂದ ಇಡೀ ತರಗತಿ ಕಲಿಯುತ್ತದೆ. ಹೀಗೆ ಒಂದೇ ತರಗತಿಯ ಮಕ್ಕಳ ಅಂಕಗಳು ಒಂದನ್ನೊಂದು ಹೋಲುವುದರಿಂದ, ಮೂವತ್ತೊಂಬತ್ತು ಮಕ್ಕಳ ಅಂಕ ತಿಳಿದ ಮೇಲೆ ನಲವತ್ತನೆಯ ಮಗು ಕೊಡುವ ಹೊಸ ಮಾಹಿತಿ ಬಹಳ ಸ್ವಲ್ಪ. ಈ ಹೋಲಿಕೆಯನ್ನು ಅಳೆಯುವ ಗುಣಾಂಕ ನನ್ನ ದತ್ತಾಂಶದಲ್ಲಿ 0.2 ಇತ್ತು. ನೋಡಲು ಸಣ್ಣ ಸಂಖ್ಯೆ. ಆದರೆ ತರಗತಿಯ ಗಾತ್ರದಲ್ಲಿ ಒಂದನ್ನು ಕಳೆದು, ಉಳಿದದ್ದನ್ನು ಈ ಗುಣಾಂಕದಿಂದ ಗುಣಿಸಿ, ಒಂದನ್ನು ಕೂಡಿಸಿ ನೋಡಿ: 39 ಗುಣಿಸು 0.2, ಅಂದರೆ 7.8, ಒಂದು ಕೂಡಿಸಿದರೆ 8.8. ನನ್ನ 320 ಮಕ್ಕಳನ್ನು ಇದರಿಂದ ಭಾಗಿಸಿದಾಗ ಉಳಿದದ್ದು ಸುಮಾರು 36 ಸ್ವತಂತ್ರ ಮಕ್ಕಳಷ್ಟೇ ಮಾಹಿತಿ. ಮಾನಕ ದೋಷ (ಅಂತರದ ಅಂದಾಜಿನಲ್ಲಿರುವ ಆ ಆಕಸ್ಮಿಕ ಏರಿಳಿತ) 8.8ರ ವರ್ಗಮೂಲದಷ್ಟು, ಅಂದರೆ ಸುಮಾರು ಮೂರು ಪಟ್ಟು ಹಿಗ್ಗಿತು, 3.9 ಇದ್ದ ಟಿ ಮೌಲ್ಯ 1.3ಕ್ಕೆ ಇಳಿಯಿತು. ಎಂಟೇ ತರಗತಿಗಳಿದ್ದಾಗ, ಅಂತರ ಬರಿಯ ಆಕಸ್ಮಿಕವಲ್ಲವೆನ್ನಲು ಈ ಮೌಲ್ಯ ಕನಿಷ್ಠ 2.45 ದಾಟಬೇಕು. ನನ್ನ ಬಳಿ ಫಲಿತಾಂಶವೇ ಇರಲಿಲ್ಲ.

ಸೂತ್ರ ನನಗೆ ಗೊತ್ತಿರಲಿಲ್ಲವೆಂದಲ್ಲ. ಗಣಿತದಲ್ಲಿ ನಾವು ಪ್ರಮೇಯದ ಸಾಧನೆಯನ್ನು ಆರಂಭಿಸುವುದೇ ‘ಇರಲಿ’ ಎಂಬ ಪದದಿಂದ: ಈ ಚರಗಳು ಪರಸ್ಪರ ಸ್ವತಂತ್ರವಾಗಿರಲಿ. ಹಾಗೆ ಬರೆದೊಡನೆ ಅವು ಸ್ವತಂತ್ರವಾಗುತ್ತವೆ, ಯಾರೂ ಪ್ರಶ್ನಿಸುವುದಿಲ್ಲ. ತರಗತಿಯೊಳಗೆ ಆ ‘ಇರಲಿ’ಗೆ ಯಾವ ಅಧಿಕಾರವೂ ಇಲ್ಲ, ಅಲ್ಲಿ ‘ಇದೆ’ ಎಂದು ತೋರಿಸಬೇಕು. ಆರು ವರ್ಷಗಳ ಅಭ್ಯಾಸದಿಂದ ನಾನು ಈ ಎರಡರ ನಡುವಿನ ವ್ಯತ್ಯಾಸವನ್ನೇ ಮರೆತಿದ್ದೆ.

ಆಮೇಲೆ ಬೇರೆ ಕ್ಷೇತ್ರಗಳವರು ಈ ಸ್ವಾತಂತ್ರ್ಯವನ್ನು ಹೇಗೆ ಸಂಪಾದಿಸುತ್ತಾರೆಂದು ಗಮನಿಸತೊಡಗಿದೆ. ಗುರುತ್ವ ಅಲೆಗಳನ್ನು, ಅಂದರೆ ದೇಶಕಾಲದಲ್ಲಿ ಏಳುವ ಅತಿ ಸೂಕ್ಷ್ಮ ಅಲುಗಾಟಗಳನ್ನು, ಹುಡುಕುತ್ತಿದ್ದ ಲೈಗೋ ಯೋಜನೆಯ ವಿಜ್ಞಾನಿಗಳು 4 ಕಿಲೋಮೀಟರ್ ಉದ್ದದ ಬಾಹುಗಳುಳ್ಳ ಎರಡು ಉಪಕರಣಗಳನ್ನು ಅಮೆರಿಕದ ಲೂಸಿಯಾನಾ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ, ಸುಮಾರು 3000 ಕಿಲೋಮೀಟರ್ ದೂರದಲ್ಲಿ ನಿಲ್ಲಿಸಿದರು. ಒಂದರ ಪಕ್ಕ ಹಾದುಹೋದ ಲಾರಿಯ ಕಂಪನ ಇನ್ನೊಂದನ್ನು ತಟ್ಟಬಾರದು. 2015ರ ಸೆಪ್ಟೆಂಬರ್ 14ರಂದು ಎರಡರಲ್ಲೂ ಒಂದೇ ಆಕಾರದ ಸಂಕೇತ ಸುಮಾರು 7 ಮಿಲಿಸೆಕೆಂಡುಗಳ ಅಂತರದಲ್ಲಿ ಕಾಣಿಸಿಕೊಂಡಾಗ ಅದಕ್ಕೆ ಅಷ್ಟು ತೂಕ ಬಂದದ್ದು ಆ ದೂರದಿಂದಲೂ ಹೌದು.

ಇತಿಹಾಸದವರನ್ನು ನಾನು ಹಿಂದೆ ಹಗುರವಾಗಿ ಕಂಡಿದ್ದೆ, ಅದಕ್ಕೆ ಈಗಲೂ ನೋವಿದೆ. ಒಂದು ಸಂಗತಿಯನ್ನು ಹತ್ತು ಹಸ್ತಪ್ರತಿಗಳು ಹೇಳುತ್ತವೆ ಎಂದ ಮಾತ್ರಕ್ಕೆ ಹತ್ತು ಸಾಕ್ಷಿಗಳಿವೆಯೆಂದು ಗ್ರಂಥಸಂಪಾದನೆ ಬಲ್ಲವರು ಒಪ್ಪುವುದಿಲ್ಲ. ಲಿಪಿಕಾರನೊಬ್ಬ ಬಿಟ್ಟ ಸಾಲನ್ನೇ ಒಂಬತ್ತು ಪ್ರತಿಗಳೂ ಬಿಟ್ಟಿದ್ದರೆ ಆ ಒಂಬತ್ತೂ ಒಂದೇ ಮೂಲದಿಂದ ಇಳಿದವು, ಅವುಗಳದ್ದು ಒಂದೇ ಸಾಕ್ಷ್ಯ. ನನ್ನ ಪರೀಕ್ಷಕರು ಹೇಳಿದ ಮಾತೇ ಇದು. ಅದನ್ನು ಇತಿಹಾಸದವರು ಯಾವ ಟಿ ಮೌಲ್ಯದ ಹಂಗೂ ಇಲ್ಲದೆ ಬಹಳ ಹಿಂದೆಯೇ ಅರಿತಿದ್ದರು.

ಆದ್ದರಿಂದ ಸುಲಭವೆಂಬ ನಿಮ್ಮ ಅಳತೆಯನ್ನು ನಾನು ಒಪ್ಪುವುದಿಲ್ಲ. ತಪ್ಪಿದಾಗ ಏನು ಕಳೆದುಹೋಗುತ್ತದೆ ಎಂಬುದನ್ನು ಕೇಳಿಕೊಳ್ಳಿ. 1879ರಲ್ಲಿ ಗಣಿತಜ್ಞ ಆಲ್‌ಫ್ರೆಡ್ ಕೆಂಪ್ ಚತುರ್ವರ್ಣ ಪ್ರಮೇಯವನ್ನು (ಯಾವ ನಕ್ಷೆಯಲ್ಲೂ ಅಕ್ಕಪಕ್ಕದ ಪ್ರದೇಶಗಳಿಗೆ ಬೇರೆ ಬೇರೆ ಬಣ್ಣ ಬಳಿಯಲು ನಾಲ್ಕೇ ಬಣ್ಣ ಸಾಕೆಂಬುದನ್ನು) ಸಾಧಿಸಿದ್ದೇನೆಂದರು; 1890ರಲ್ಲಿ ಪರ್ಸಿ ಹೀವುಡ್ ಅದರಲ್ಲಿನ ದೋಷ ತೋರಿಸಿದರು, ಅದೇ ವಿಧಾನದಿಂದ ಐದು ಬಣ್ಣಗಳು ಸಾಕೆಂಬುದನ್ನು ಸಾಧಿಸಿಕೊಟ್ಟರು. ಕಾಗದದ ಮೇಲೆ ಮುರಿದದ್ದನ್ನು ಕಾಗದದ ಮೇಲೆಯೇ ಕಟ್ಟಬಹುದಿತ್ತು. ನನ್ನ ಮಕ್ಕಳು ಮಾತ್ರ ಅಷ್ಟರಲ್ಲಿ ಮುಂದಿನ ತರಗತಿಗೆ ಹೋಗಿದ್ದರು, ಶಿಕ್ಷಕರಲ್ಲಿ ಮೂವರಿಗೆ ವರ್ಗವಾಗಿತ್ತು. ಹೊಸದಾಗಿ 24 ತರಗತಿಗಳನ್ನು ಹುಡುಕಿ, ಯಾವುದಕ್ಕೆ ಯಾವ ವಿಧಾನವೆಂದು ಚೀಟಿ ಎತ್ತಿ ನಿರ್ಧರಿಸಿ ಮುಗಿಸಲು ಇನ್ನೂ 22 ತಿಂಗಳು ಬೇಕಾಯಿತು. ಈ ಬಾರಿ ಸಿಕ್ಕ ಅಂತರ 2 ಅಂಕ. ಅದನ್ನು ಹಾಗೆಯೇ ಬರೆದೆ.

ಕ್ಷೇತ್ರವನ್ನು ಆರಿಸುವ ಮೊದಲು ಒಂದೊಂದರಲ್ಲೂ ಒಂದು ಮಹಾಪ್ರಬಂಧವನ್ನು ಪೂರ್ತಿ ಓದಿ, ಅದರಲ್ಲಿ ‘ಒಂದು’ ಸಾಕ್ಷ್ಯವೆಂದು ಎಣಿಸಿರುವುದು ಯಾವುದನ್ನು ಎಂದು ಗುರುತು ಹಾಕಿಕೊಳ್ಳಿ. ಸಾಫ್ಟ್‌ವೇರ್ ಕಲಿಯುವುದನ್ನು ಆಮೇಲೆ ಮಾಡಿದರಾಯಿತು. ದತ್ತಾಂಶ ಸಂಗ್ರಹಿಸುವ ಮುನ್ನ ನಿಮ್ಮ ಯೋಜನೆಯನ್ನು ಆ ಕ್ಷೇತ್ರದಲ್ಲೇ ಬೆಳೆದವರೊಬ್ಬರಿಗೆ ತೋರಿಸಿ; ಗಣಿತದ ಗೆಳೆಯರಿಗೆ ತೋರಿಸಿದರೆ ಸಾಲದು, ನಾನು ತೋರಿಸಿದ್ದು ಅವರಿಗೇ. ದೊಡ್ಡ ಉದಾಹರಣೆಯೊಂದು ಬೇಕಿದ್ದರೆ, ತರಗತಿಯ ಗಾತ್ರವನ್ನು ಕುರಿತು 1985ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಆರಂಭವಾದ ಸ್ಟಾರ್ ಪ್ರಯೋಗವನ್ನು ನೋಡಿ: ಮಕ್ಕಳನ್ನಷ್ಟೇ ಅಲ್ಲ, ಶಿಕ್ಷಕರನ್ನೂ ಯಾದೃಚ್ಛಿಕವಾಗಿ ಹಂಚಿದ್ದರು.

ಮುಂದಿನ ತಿಂಗಳ ಪ್ರಯೋಗದ ಬಗ್ಗೆ: ಎರಡೇ ವಿಭಾಗಗಳಿದ್ದಾಗ ವಿಧಾನದ ಪರಿಣಾಮ ಯಾವುದು, ಆ ವಿಭಾಗದ ಸ್ವಂತ ಗುಣ ಯಾವುದು ಎಂದು ಬೇರ್ಪಡಿಸಲು ಯಾವ ಲೆಕ್ಕದಿಂದಲೂ ಸಾಧ್ಯವಿಲ್ಲ. ಹೋಲಿಕೆಯನ್ನು ಕೈಬಿಡಿ. ಆ ಶಿಕ್ಷಕರು ಒಪ್ಪಿದರೆ ಹಿಂದಿನ ಬೆಂಚಿನಲ್ಲಿ ಕುಳಿತು, ಮಕ್ಕಳು ಎಲ್ಲಿ ತಪ್ಪುತ್ತಾರೆ, ತಪ್ಪುವಾಗ ಏನು ಹೇಳುತ್ತಾರೆ ಎಂಬುದನ್ನು ಅವರವರ ಮಾತಿನಲ್ಲೇ ಬರೆದುಕೊಳ್ಳಿ. ಅದಕ್ಕೆ ಎರಡು ವಿಭಾಗಗಳು ಧಾರಾಳವಾಗಿ ಸಾಕು.